ಹತ್ತೊಂಬತ್ತರ ಮನೆ

"ಮೂರರಲ್ಲಿ ಯಾವುದು ಅಂತ ನೀನೇ ಹೇಳಿಬಿಡಮ್ಮ, ನಾನು ಕಣ್ಣು ಮುಚ್ಕೊಂಡು ಹಾಕಿಸ್ಕೋತೀನಿ," ಎಂದರು ಮೇಷ್ಟ್ರು. ಕಣ್ಣು ಮುಚ್ಚುವ ಪೈಕಿಯವರೇನೂ ಅಲ್ಲ ಅವರು. ಮೂವತ್ತೆರಡು ವರ್ಷ ಲೆಕ್ಕದ ಪಾಠ ಮಾಡಿ ನಿವೃತ್ತರಾದವರು; ಆ ಮಾತು ಆಡುತ್ತಿರುವಾಗಲೇ ಕನ್ನಡಕ ಸರಿಪಡಿಸಿಕೊಂಡು ಮೇಜಿನ ಮೇಲಿದ್ದ, ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಮೂರು ಡಬ್ಬಿಗಳನ್ನೂ ತಿರುಗಿಸಿ ತಿರುಗಿಸಿ ಓದತೊಡಗಿದ್ದರು.

ಹೊರಗೆ ಅವರ ಬೈಕು ನಿಂತಿತ್ತು. ಹೋದ ತಿಂಗಳು ಅದಕ್ಕೆ ಹೊಸ ಸೈಲೆನ್ಸರ್, ಗಾಳಿ ಸಲೀಸಾಗಿ ಎಳೆಯುವ ಫಿಲ್ಟರ್ ಹಾಕಿಸಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅಂದಿನಿಂದ ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸಿಡಿಯುತ್ತಿತ್ತು, ಏರಿನಲ್ಲಿ ಉಸಿರು ಕಟ್ಟುತ್ತಿತ್ತು. ಮೇಷ್ಟ್ರ ಮನೆ ಇದ್ದದ್ದು ಗುಡ್ಡದ ತುದಿಯಲ್ಲಿ. ಕೊನೆಯ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಬೈಕು ಎರಡು ಸಲ ಕೈ ಕೊಟ್ಟಿತ್ತು. ಎರಡನೆಯ ಸಲ ಹೆಂಡತಿ ಕೆಳಗಿಳಿದು ನಡೆದುಕೊಂಡೇ ಮನೆ ಸೇರಿದವರು ಮತ್ತೆ ಹಿಂದಿನ ಸೀಟು ಹತ್ತಿರಲಿಲ್ಲ.

"ಅವಳು ಹತ್ತೋ ಹಾಗೆ ಮಾಡ್ಕೊಡು, ಸಾಕು. ಇಲ್ಲಾಂದ್ರೆ ಬೈಕೂ ಬೇಡ ಸವಾರಿನೂ ಬೇಡ ಅಂತಾಳೆ."

ಗ್ಯಾರೇಜಿನ ಒಡತಿಯನ್ನು ಗಿರಾಕಿಗಳು ಕರೆಯುತ್ತಿದ್ದುದೇ ಮೂಗಕ್ಕ ಎಂದು. ಸೈಲೆನ್ಸರಿನ ಬಾಯಿಯ ಹತ್ತಿರ ಬಗ್ಗಿ ಒಮ್ಮೆ ಉಸಿರೆಳೆದುಕೊಂಡರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳಿಬಿಡುತ್ತಿದ್ದಳು. ಹೆಸರು ಕೇಳಿ ಬಂದ ಹೊಸಬರು, ಪಾಪ, ಮಾತು ಬಾರದವಳೇನೋ ಎಂದುಕೊಂಡು ಕೈಸನ್ನೆಯಲ್ಲೇ ಬೈಕಿನ ಕಾಯಿಲೆ ವಿವರಿಸುತ್ತಿದ್ದರು. ಅವರು ಕುಣಿದು ಮುಗಿಸುವವರೆಗೂ ಅವಳು ತಡೆಯುತ್ತಿರಲಿಲ್ಲ. ಒಳಗೆ ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಗ್ಯಾರೇಜು ನಡೆಸುತ್ತಿದ್ದವರು ಅವರಿಬ್ಬರೇ. ಗಂಡ ದೂರದ ಬಸ್ಸು ಓಡಿಸುವವನು. ಮನೆಗೆ ಬಂದರೆ ನಿದ್ದೆ, ಎದ್ದರೆ ಬಸ್ಸು. ಅವಳು ಮದುವೆಯಾಗಿ ಬಂದಾಗ ಮೈದುನ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅಪ್ಪನ ವರ್ಕ್‌ಶಾಪಿನಲ್ಲಿ ಬೆಳೆದ ಅವಳು ಅವನಿಗೆ ಸ್ಪಾನರ್ ಹಿಡಿಯುವುದನ್ನು ಕಲಿಸಿದಳು. ದೊಡ್ಡವನಾಗಿ ಕಂಪ್ಯೂಟರು ಕಲಿತು ಬಂದ ಅವನು ಅದನ್ನು ಅವಳಿಗೆ ಕಲಿಸಿದ. ಮೂಗು ಅತ್ತಿಗೆಯದು, ಬೆರಳು ನನ್ನದು ಎಂದು ಅವನು ಎಲ್ಲರ ಮುಂದೆಯೂ ಹೇಳುತ್ತಿದ್ದ. ಹಾಗೆ ಹೇಳಿದಾಗಲೆಲ್ಲ ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

"ಈ ಚಿಕ್ಕದಕ್ಕೆ ತಲೆ ಇಲ್ಲ ಮೇಷ್ಟ್ರೇ," ಎಂದಳು ಮೊದಲ ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತ. "ಎಂಜಿನ್ನು ಯಾವ ವೇಗದಲ್ಲಿದ್ರೂ ಒಂದೇ ಅಳತೇಲಿ ಪೆಟ್ರೋಲು ಜಾಸ್ತಿ ಸುರಿಯುತ್ತೆ. ಹಸಿವಿರ್ಲಿ ಬಿಡ್ಲಿ, ಎಲ್ಲರ ತಟ್ಟೆಗೂ ಒಂದೇ ಸೌಟು. ಇದು ನೋಡಿ, ಎರಡನೇದು, ಖಾಲಿ ಸ್ಲೇಟು. ಯಾವ ವೇಗದಲ್ಲಿ, ಆಕ್ಸಿಲರೇಟರ್ ಎಷ್ಟು ತಿರುವಿದಾಗ, ಎಷ್ಟು ಪೆಟ್ರೋಲು ಅಂತ ಪಟ್ಟಿಯ ಒಂದೊಂದು ಚೌಕದ ಮನೆಗೂ ನಾವೇ ಅಂಕಿ ತುಂಬಬೇಕು. ಆ ಪಟ್ಟಿಗೆ ಮ್ಯಾಪು ಅಂತಾರೆ. ಹಳೇ ಅಂಕಿ ನನ್ನ ಹತ್ರ ಇವೆ, ಆದ್ರೂ ನಿಮ್ಮ ಗಾಡಿಗೆ ಹೊಂದಿಸೋಕೆ ಎರಡು ದಿನ ನಾನು ಓಡಿಸ್ಬೇಕಾಗುತ್ತೆ. ಕೇಳಿದ್ರೆ ನಾನು ಹೇಳೋದು ಇದನ್ನೇ."

"ಅತ್ತಿಗೆ ಹಳೇ ಕಾಲದವ್ರು ಸರ್," ಎಂದ ಮೈದುನ, ನಗುತ್ತ. "ಈ ಕೆಂಪು ಡಬ್ಬಿ ನೋಡಿ. ಮ್ಯಾಪು ಒಳಗೇ ತುಂಬಿ ಕಳಿಸ್ತಾರೆ. ಏರುದಾರಿಗೆ ಅಂತಲೇ ಮಾಡಿರೋದು. ಸಿಕ್ಕಿಸೋದು, ಹೊರಡೋದು. ಅರ್ಧ ಗಂಟೆ ಕೆಲಸ."

ಮೂರು ತಿಂಗಳಿಂದ ಅವನ ಬಾಯಲ್ಲಿ ಕೆಂಪು ಡಬ್ಬಿಯದೇ ಜಪ. ಬಂದವರಿಗೆಲ್ಲ ಅದನ್ನೇ ಹಾಕಿಸುತ್ತಿದ್ದ, ಅದೂ ಅವಳು ಬಿಡಿಭಾಗ ತರಲು ಹೋದ ಹೊತ್ತು ನೋಡಿಕೊಂಡು. ಹುಡುಗರಿಗೆ ಹೊಸದರ ಚಪಲ ಎಂದು ಅವಳು ಸುಮ್ಮನಿದ್ದಳು.

"ಒಳಗೆ ಏನು ತುಂಬಿದಾರೆ ಅಂತ ತೋರ್ಸಪ್ಪ," ಎಂದರು ಮೇಷ್ಟ್ರು. "ಬರೀ ಉತ್ತರ ನೋಡಿ ಮಾರ್ಕ್ಸ್ ಹಾಕೋನಲ್ಲ ನಾನು. ಲೆಕ್ಕ ಮಾಡಿದ ದಾರಿ ನೋಡ್ಬೇಕು."

"ಅದೆಲ್ಲ ನೋಡೋದು ಯಾಕೆ ಸರ್, ಕಂಪನಿಯವರದ್ದು…"

ಅವಳು ಆಗಲೇ ಕೆಂಪು ಡಬ್ಬಿಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದಿದ್ದಳು. ಅವನೇ ಕಲಿಸಿಕೊಟ್ಟ ಕೆಲಸ ಅದು. ಪರದೆಯ ತುಂಬ ಸಣ್ಣ ಸಣ್ಣ ಚೌಕದ ಮನೆಗಳು, ಮನೆಮನೆಗೂ ಒಂದೊಂದು ಅಂಕಿ. ಮೇಷ್ಟ್ರು ಪರೀಕ್ಷೆಯ ಉತ್ತರಪತ್ರಿಕೆ ಸಿಕ್ಕಿದ ಹಾಗೆ ಖುಷಿಯಿಂದ ಕುರ್ಚಿ ಎಳೆದುಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ಹನ್ನೊಂದು, ಹನ್ನೆರಡು, ಹನ್ನೆರಡು, ಹದಿನೈದು…"

ಕೈ ಒರೆಸಿಕೊಳ್ಳುತ್ತಿದ್ದವಳು ಎರಡನೆಯ ಹನ್ನೆರಡಕ್ಕೆ ನಿಂತಳು. ಆ ಹನ್ನೆರಡು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಇದೇ ಬಗೆಯ ಬೈಕಿಗೆ ಇದೇ ಬಗೆಯ ಸೈಲೆನ್ಸರ್ ಹಾಕಿಕೊಂಡು, ಎಂಟು ತಿಂಗಳು ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿದಿದ್ದಳು. ಟ್ಯಾಂಕಿನ ಮೇಲೆ ರಬ್ಬರ್‌ಬ್ಯಾಂಡಿನಿಂದ ಬಿಗಿದ ನೋಟುಪುಸ್ತಕ. ತಿರುವು ತಿರುವಿಗೂ ನಿಲ್ಲಿಸಿ, ಬಿಸಿ ಪ್ಲಗ್ಗು ಬಿಚ್ಚಿ, ಅದರ ತುದಿಯ ಬಣ್ಣ ನೋಡಿ, ವಾಸನೆ ನೋಡಿ ಒಂದು ಅಂಕಿ ಬರೆಯುವುದು. ಮಾರನೆಯ ದಿನ ಅದನ್ನು ಹೊಡೆದುಹಾಕಿ ಇನ್ನೊಂದು ಬರೆಯುವುದು. ಹದಿಮೂರಿರಲಿ ಹದಿನಾಲ್ಕಿರಲಿ ಎಂದು ಎಷ್ಟು ಓಲೈಸಿದರೂ ಎಂಜಿನ್ನು ಒಪ್ಪದೆ, ಹನ್ನೊಂದು ದಿನ ಬೆಳಿಗ್ಗೆ ಕಾಡಿಸಿ, ಕೊನೆಗೆ ಎರಡನೆಯ ಸಲವೂ ಹನ್ನೆರಡಕ್ಕೇ ಸಮಾಧಾನಪಟ್ಟಿತ್ತು.

ಇರಬಹುದು ಎಂದುಕೊಂಡಳು. ಎಂಜಿನ್ನಿನ ಹಸಿವು ಎಲ್ಲ ಕಡೆಯೂ ಒಂದೇ. ಕಂಪನಿಯವರಿಗೂ ಹನ್ನೆರಡೇ ಸಿಕ್ಕಿರಬಹುದು.

"ಹದಿನೇಳು, ಹದಿನೆಂಟು, ಹದಿನಾರು, ಇಪ್ಪತ್ತು." ಮೇಷ್ಟ್ರ ಬೆರಳು ನಿಂತಿತು. "ಇದೇನಿದು? ಹತ್ತುತ್ತಾ ಹತ್ತುತ್ತಾ ನಡುವೆ ಯಾಕೆ ಇಳಿದುಬಿಟ್ರು?"

"ಅದು ಹದಿನಾರಲ್ಲ, ಹತ್ತೊಂಬತ್ತು," ಎಂದಳು ಅವಳು. ಬಾಯಿ ತಾನಾಗಿ ಆಡಿದ ಮಾತು. ಆಡಿದ ಮೇಲೆ ಅದರ ಅರ್ಥ ಹೊಳೆಯಿತು.

ಅವಳು ಬರೆಯುತ್ತಿದ್ದುದು ಕನ್ನಡ ಅಂಕಿಗಳನ್ನೇ. ಸ್ಲೇಟಿನ ಮೇಲೆ ಅಜ್ಜಿ ತಿದ್ದಿಸಿದ ಅಂಕಿ. ಕೈ ಬೇರೆಯದಕ್ಕೆ ಒಗ್ಗಿರಲಿಲ್ಲ. ಆದರೆ ಅವಳ ೯ರ ಬಾಲ ಒಳಕ್ಕೆ ಸುರುಳಿಯಾಗಿ, ನೋಡಿದವರಿಗೆ ೬ರಂತೆ ಕಾಣುತ್ತಿತ್ತು. ಬೇರೆಯವರು ಒಂದೆರಡು ಸಲ ಎಡವಿ ಪಾಠ ಕಲಿತಿದ್ದರು. ಮೈದುನ ಮಾತ್ರ ಇಪ್ಪತ್ತು ವರ್ಷದಿಂದಲೂ ಎಡವುತ್ತಲೇ ಇದ್ದ. ಒಂಬತ್ತು ನಟ್ಟು ಎಂದು ಚೀಟಿ ಬರೆದರೆ ಆರು ತರುತ್ತಿದ್ದ. ಒಂಬತ್ತನೆಯ ನಂಬರಿನ ಮನೆಯಲ್ಲಿ ಕೆಟ್ಟು ನಿಂತ ಸ್ಕೂಟರಿಗೆಂದು ಕಳಿಸಿದರೆ ಆರನೆಯ ನಂಬರಿನವರ ಸ್ಕೂಟರು ಬಿಚ್ಚಿಟ್ಟು ಬಂದಿದ್ದ, ಚೆನ್ನಾಗಿ ಓಡುತ್ತಿದ್ದದ್ದನ್ನು. ಅದನ್ನು ನೆನೆಸಿಕೊಂಡು ಮನೆಮಂದಿ ಇಂದಿಗೂ ನಗುತ್ತಿದ್ದರು.

ಯಾವುದೋ ಕಂಪನಿಯ ಎಂಜಿನಿಯರುಗಳು ಅವಳ ಅಂಕಿಯನ್ನು ತಾವಾಗಿಯೇ ಕಂಡುಕೊಂಡಿರಬಹುದು. ಅವನ ಎಡವಟ್ಟನ್ನು ಅವರು ಎಲ್ಲಿಂದ ಕಂಡುಕೊಳ್ಳಬೇಕು?

ಅವಳು ಮೈದುನನ ಕಡೆ ನೋಡಿದಳು. ಅವನು ಸುತ್ತಿಟ್ಟಿದ್ದ ವೈರನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

"ಇದು ನನ್ನ ಪುಸ್ತಕ," ಎಂದಳು.

"ಒಂದೇ ಥರದ ಗಾಡಿ ಅಂದ್ಮೇಲೆ ಹೆಚ್ಚುಕಮ್ಮಿ ಅದೇ ಅಂಕಿ ಬರುತ್ತೆ ಅತ್ತಿಗೆ."

"ಅಂಕಿ ಬರಬಹುದು ಕಣೋ. ತಪ್ಪೂ ಅದೇ ಬರುತ್ತಾ?"

ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ಅವರು ಡಬ್ಬಿಯೊಳಗಿನ ಕಾಗದ ಬಿಡಿಸಿ, ಸಣ್ಣ ಅಕ್ಷರಗಳನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. "‘ಎಂಟು ತಿಂಗಳ ಕಾಲ ಏರುದಾರಿಯಲ್ಲಿ ಸ್ವತಃ ಸವಾರಿ ಮಾಡಿ ಈ ಮ್ಯಾಪನ್ನು ಸಿದ್ಧಪಡಿಸಿದ ತಜ್ಞರು…’ ಅರೆ, ಇದು ನಿನ್ನ ಹೆಸರಲ್ವೇನಯ್ಯ?" ಎಂದು ಸಂತೋಷದಿಂದ ತಲೆಯೆತ್ತಿದವರು ಇಬ್ಬರ ಮುಖವನ್ನೂ ನೋಡಿ ಕಾಗದವನ್ನು ನಿಧಾನವಾಗಿ ಮಡಿಸಿದರು. ಚಕ್ರದಲ್ಲಿ ಗಾಳಿ ಇದೆಯೋ ನೋಡುತ್ತೇನೆ ಎಂದು ಹೊರಗೆ ಹೋದರು.

ಸ್ವತಃ. ಆ ಎಂಟು ತಿಂಗಳು ಅವಳು ಗುಡ್ಡ ಇಳಿದು ಬಂದು, ಹೆಲ್ಮೆಟ್ಟು ತೆಗೆದಿಟ್ಟು, ಒಲೆಗೆ ಚಹಾ ಇಟ್ಟು, ಆಮೇಲೆ ಅವನನ್ನು ಎಬ್ಬಿಸುತ್ತಿದ್ದಳು. ಇನ್ನೈದು ನಿಮಿಷ ಅತ್ತಿಗೆ ಎಂದು ಅವನು ಮಗ್ಗಲು ಬದಲಿಸುತ್ತಿದ್ದ.

"ಅವರಾಗೇ ಕೇಳಿದ್ರು," ಎಂದ ಮೈದುನ. "ಪುಸ್ತಕ ಬೀರುವಿನಲ್ಲಿ ಬಟ್ಟೆ ಕೆಳಗೆ ಸುಮ್ನೆ ಬಿದ್ದಿತ್ತಲ್ಲ. ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ… ನಿಮ್ಮ ಹೆಸರು ಹಾಕೋಣ ಅಂತಲೇ ಇತ್ತು. ಹೆಂಗಸಿನ ಹೆಸರು ಹಾಕಿದ್ರೆ ತಗೊಳ್ಳೋರು ನಂಬಲ್ಲ ಅಂತ—"

"ಅವರು ಅಂದ್ರಾ, ನೀನು ಅಂದ್ಯಾ?"

ಅವನು ವೈರನ್ನು ಮತ್ತೆ ಬಿಚ್ಚತೊಡಗಿದ.

"ಕೇಳಿದ್ರೆ ಕೊಡ್ತಿದ್ದೆ," ಎಂದಳು. ಅವಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅದೇ. ಹೆಸರೂ ಬೇಡ, ಏನೂ ಬೇಡ, ನಿನ್ನದೇ ಅಂತ ಹೇಳ್ಕೋ ಹೋಗು ಎಂದು ಅಂದುಬಿಡುತ್ತಿದ್ದಳೇನೋ. ಅವನು ಯಾವಾಗ ತೆಗೆದಿರಬಹುದು ಎಂದು ಅವಳ ಮನಸ್ಸು ತನಗೆ ಬೇಡದಿದ್ದರೂ ಹುಡುಕತೊಡಗಿತು. ತಾನು ಸ್ನಾನಕ್ಕೆ ಹೋದಾಗಲೋ? ಅಮ್ಮನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ನಾಲ್ಕು ದಿನ ನಿಂತಾಗಲೋ? ಮಡಿಸಿಟ್ಟ ತನ್ನ ಬಟ್ಟೆಗಳ ನಡುವೆ ಅವನ ಕೈ ಆಡಿದ್ದನ್ನು ನೆನೆದು ಹೇಸಿಗೆಯಾಯಿತು.

"ಎಷ್ಟು ಹೋಗಿವೆ ಇಂಥವು?"

"ನಾನೂರು ದಾಟಿರಬೇಕು."

ನಾನೂರು ಬೈಕು. ಹತ್ತೊಂಬತ್ತರ ಮನೆ ಎಂದರೆ ಎರಡನೆಯ ಗೇರು, ಎಂಜಿನ್ನು ಕಾದಿದೆ, ಕೈ ಅರ್ಧಕ್ಕಿಂತ ತುಸು ಹೆಚ್ಚು ತಿರುವಿದೆ, ಬೈಕಿನ ಮೇಲೆ ಇಬ್ಬರ ಭಾರ. ಅಂದರೆ ಗುಡ್ಡದ ಕೊನೆಯ ತಿರುವು. ಅಲ್ಲಿ ಮೂರು ಅಂಕಿ ಕಡಿಮೆ ಉಣಿಸಿದರೆ ಎಂಜಿನ್ನೇನೂ ಸಾಯುವುದಿಲ್ಲ. ಒಂದು ಕ್ಷಣ ಎಳೆಯುವುದನ್ನು ಮರೆಯುತ್ತದೆ. ಹಿಂದೆ ಲಾರಿ ಇದ್ದರೆ ಆ ಒಂದು ಕ್ಷಣವೇ ಸಾಕು.

"ಅತ್ತಿಗೆ," ಎಂದ ಅವನು. ಕ್ಷಮೆ ಕೇಳುತ್ತಾನೆ ಎಂದು ಅವಳು ಮುಖವನ್ನು ಗಟ್ಟಿ ಮಾಡಿಕೊಂಡಳು. "ಹತ್ತೊಂಬತ್ತು ಅಂದ್ರಲ್ಲ. ಇನ್ನೆಲ್ಲಾದ್ರೂ ಹೀಗೆ ತಪ್ಪಿದೆಯಾ? ಇದ್ರೆ ಈಗಲೇ ಹೇಳಿ. ಕಂಪನಿಗೆ ಕಳಿಸಿದ್ರೆ ಗಿರಾಕಿಗಳ ಫೋನಿಗೇ ಹೊಸ ಮ್ಯಾಪು ಕಳಿಸಿ ಎಲ್ಲರದ್ದೂ ಸರಿ ಮಾಡಿಬಿಡ್ತಾರೆ."

ಕೈಯಲ್ಲಿ ಪೆನ್ನು ಬೇರೆ ಹಿಡಿದಿದ್ದ.

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ತಜ್ಞನಲ್ಲವೇ, ನೀನೇ ಹುಡುಕಿಕೋ ಎನ್ನಬೇಕೆನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು: ತಿಂಗಳೊಪ್ಪತ್ತಿನಲ್ಲಿ ದೂರುಗಳು ಬರುತ್ತಿದ್ದವು, ಕಾಗದದ ಮೇಲಿನ ಆ ಹೆಸರು ಮಣ್ಣುಪಾಲಾಗುತ್ತಿತ್ತು, ಅವಳು ಬೆರಳೂ ಎತ್ತಬೇಕಾಗಿರಲಿಲ್ಲ. ಹೊರಗೆ ಮೇಷ್ಟ್ರು ಬೈಕಿನ ಹಿಂದಿನ ಸೀಟನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಅದರ ಮೇಲೆ ಧೂಳು ಇರಲಿಲ್ಲ.

ನಾನೂರರಲ್ಲಿ ಎಷ್ಟು ಬೈಕಿನ ಹಿಂದೆ ಯಾರಾದರೂ ಕೂತಿರುತ್ತಾರೋ.

ಅವಳು ಬಾಗಿಲಿಗೆ ಹೋಗಿ, "ಎರಡನೇದು ಹಾಕ್ತೀನಿ ಮೇಷ್ಟ್ರೇ. ನಾನೇ ಓಡಿಸಿ ಅಂಕಿ ತುಂಬ್ತೀನಿ. ಭಾನುವಾರ ಬನ್ನಿ, ಮನೆಯವರನ್ನೂ ಕರ್ಕೊಂಡು ಬನ್ನಿ," ಎಂದಳು. ಮೇಷ್ಟ್ರು ಹೂಂ ಎಂದು ಬೈಕಿನ ಕೀಲಿ ಅವಳ ಕೈಗಿಟ್ಟು ಬಸ್‌ಸ್ಟಾಪಿನ ಕಡೆ ನಡೆದರು.

ಒಳಗೆ ಬಂದು ಸ್ಟೂಲು ಎಳೆದುಕೊಂಡಳು. "ಪುಸ್ತಕ ಮನೇಲಿದೆ. ಅದನ್ನ ನೋಡದೆ ಹೇಳಕ್ಕಾಗಲ್ಲ."

"ಬೇಡ," ಎಂದ ಅವನು ತಲೆ ತಗ್ಗಿಸಿ. "ಫೋನಿನಲ್ಲಿದೆ."

ಫೋಟೋಗಳನ್ನು ತೆರೆದು ಅವಳ ಕೈಗೆ ಕೊಟ್ಟು, ತಾನು ಲ್ಯಾಪ್‌ಟಾಪಿನ ಮುಂದೆ ಕೂತ. ಅವಳು ಹೇಳುವುದು, ಅವನು ಒತ್ತುವುದು. ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದ ಕೆಲಸ.

"ಮೂರನೇ ಸಾಲು, ಏಳನೇ ಮನೆ. ಒಂಬತ್ತು."

"ಒಂಬತ್ತು."

"ಐದನೇ ಸಾಲು, ಎರಡನೇ ಮನೆ. ಅದೂ ಒಂಬತ್ತೇ."

"ಒಂಬತ್ತು."

ನಾಲ್ಕನೆಯ ಪುಟದಲ್ಲಿ ಅಂಕಿ ಸಣ್ಣದಾಗಿ ಕಂಡಿತು. ಬೆರಳಿನಿಂದ ದೊಡ್ಡದು ಮಾಡಲು ಹೋದಾಗ ಚಿತ್ರ ಪಕ್ಕಕ್ಕೆ ಜಾರಿ, ಪುಸ್ತಕದ ಅಂಚು ಬಂತು. ಪುಸ್ತಕದ ಕೆಳಗೆ ಅಡುಗೆಮನೆಯ ಮೇಜಿನ ಹೂವಿನ ಚಿತ್ತಾರದ ರೆಕ್ಸಿನ್ನು. ಗ್ಯಾರೇಜಿನ ಮಾಡು ಸೋರಿ ಪುಸ್ತಕ ನೆನೆದಿದ್ದ ವಾರ ಅದು. ಇದು ಹೋದ್ರೆ ಎಲ್ಲ ಹೋಯ್ತು, ಒಂದು ಪ್ರತಿ ಇರ್ಲಿ ಅತ್ತಿಗೆ ಎಂದಿದ್ದ. ಒರೆಸಿ ಬೀರುವಿನಲ್ಲಿಟ್ಟಿದ್ದ ಪುಸ್ತಕ ತಂದು ಕೊಟ್ಟವಳು ಅವಳೇ. ಅವನು ಫೋಟೋ ತೆಗೆಯುವಾಗ ಹಾಳೆಗಳು ಉಬ್ಬಿ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಮೇಲೆ ಫ್ಯಾನು ತಿರುಗುತ್ತಿತ್ತು.

"ಹೇಳಿ ಅತ್ತಿಗೆ," ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

ಅವಳು ಮೊದಲ ಚಿತ್ರಕ್ಕೆ ಹಿಂದಿರುಗಿದಳು. ಆಮೇಲೆ ಒಂದೊಂದಾಗಿ ಮುಂದಕ್ಕೆ ಸರಿಸಿದಳು. ಒಟ್ಟು ಹದಿನಾಲ್ಕು ಪುಟ. ಹದಿನಾಲ್ಕರಲ್ಲೂ, ಒಂದು ಅಂಕಿಯ ಮೇಲೂ ನೆರಳು ಬೀಳದ ಹಾಗೆ ಅಂಚಿಗೆ ಸರಿದುಕೊಂಡು, ಗ್ರೀಸು ಹೋಗದ ಉಗುರಿನ ಅವಳದೇ ಹೆಬ್ಬೆರಳು ಹಾಳೆಯನ್ನು ಅದುಮಿ ಹಿಡಿದಿತ್ತು.