ತಂಗಿ ಬರೆದ ಕಡಲರಾಣಿ

ಬಾತ್ಚೊಯ್ ಸಾರಿನ ಹಬೆ ಕನ್ನಡಕಕ್ಕೆ ಹತ್ತಿಕೊಂಡು ಎದುರು ಕೂತ ಮರಿವಿಕ್‌ಳ ಮುಖ ಅಳಿಸಿಹೋಗಿದೆ, ಒಳ್ಳೆಯದೇ ಆಯಿತು, ತಂಗಿಯ ಮುಖ ನೋಡಿಕೊಂಡು ಅವಳ ಕಾದಂಬರಿಯನ್ನು ಬೈಯಲಾರೆ — ಈ ತಿಂಗಳು ನಮ್ಮ ಓದುಗರ ಕೂಟಕ್ಕೆ ಮೂರು ಪುಸ್ತಕ, ಮೊದಲನೆಯದರಲ್ಲಿ ಏಳುನೂರು ಪುಟ, ಒಂಬತ್ತು ಡ್ರ್ಯಾಗನ್, ಇಡೀ ರಾಜ್ಯದಲ್ಲಿ ಅನ್ನ ಬೇಯಿಸುವವರು ಒಬ್ಬರೂ ಇಲ್ಲ, ಯುದ್ಧಕ್ಕೆ ಹೋದ ಹತ್ತು ಸಾವಿರ ಮಂದಿ ಗಾಳಿ ಕುಡಿದು ಬದುಕಿದರೇನು, ಎರಡನೆಯದು ಬಾಹ್ಯಾಕಾಶದ್ದು, ಭೂಮಿ ಸುಟ್ಟುಹೋದ ಮರುದಿನವೇ ಕ್ಯಾಪ್ಟನ್‌ಗೆ ಪ್ರೇಮ, ಸತ್ತ ಕೋಟಿಗಟ್ಟಲೆ ಜನಕ್ಕೆ ಅರ್ಧ ಸಾಲಿನ ಕಣ್ಣೀರು, ಥೂ — ಅವೆರಡನ್ನೂ ನಾನು ಹಿಗ್ಗಾಮುಗ್ಗಾ ಜಾಡಿಸುವಾಗ ಎಲ್ಲರೂ ನಕ್ಕರು, ನಮ್ಮ ಮನಾಂಗ್, ಈ ಸೆನಿಯಾ ಅಕ್ಕನ ಬಾಯಿಗೆ ಸಿಕ್ಕಿದ್ರೆ ಡ್ರ್ಯಾಗನ್ನೂ ಬದುಕಲ್ಲ ಕಣ್ರೋ ಅಂದ ರೋಮೆಲ್, ಮರಿವಿಕ್ ಕೂಡ ನಕ್ಕಳು, ಈಗ ಮೇಜಿನ ಮೇಲಿರುವುದು ಅವಳದು, ಹೇಳು ಮನಾಂಗ್, ಅಂದಳು, ನಂಗೇನೂ ಹೆದರಿಕೆಯಿಲ್ಲ — ಏನಂತ ಹೇಳಲಿ, ಗಿಮಾರಸ್ ದ್ವೀಪದಿಂದ ಬರುವ ದೋಣಿ ಮಗುಚುತ್ತದೆ, ಒಬ್ಬ ತಾಯಿ ಮುಳುಗುತ್ತಾಳೆ, ಅವಳ ಕತ್ತಿನಲ್ಲಿ ಮೀನಿನಂತೆ ಕಿವಿರುಗಳು ಮೂಡುತ್ತವೆ, ಕಡಲಿಗೆ ರಾಣಿಯಾಗುತ್ತಾಳೆ, ಕೈಯಲ್ಲೊಂದು ಹೊಳೆಯುವ ಮುತ್ತು, ಅಮ್ಮನನ್ನೇ ಬರೆದಿದ್ದಾಳೆ, ಅದೇ ಹಳದಿ ಹೂವಿನ ಅಂಗಿ, ನಗುವಾಗ ಹಾಗೇ ಮೂಗು ಅರಳಿಸುವುದು, ಆದರೆ ಆ ದೋಣಿ ನಿಜಕ್ಕೂ ಮುಳುಗಿದ ದಿನ ದಡದಲ್ಲಿ ಸಾಲಾಗಿ ಮಲಗಿಸಿದವರ ಮುಖದ ಬಟ್ಟೆ ಒಂದೊಂದಾಗಿ ಎತ್ತಿ ನೋಡಿದವಳು ನಾನು, ಇವಳು ಮನಿಲಾದಲ್ಲಿದ್ದಳು, ಬರುವಷ್ಟರಲ್ಲಿ ಶವಪೆಟ್ಟಿಗೆ ಮುಚ್ಚಿತ್ತು, ಮುಚ್ಚಿಸಿದ್ದೂ ನಾನೇ — ಸುಳ್ಳು, ಅಂದೆ, ಜೋರಾಗಿಯೇ ಬಂತು, ಬರೀ ಸುಳ್ಳು ಇದು, ಮುಳುಗಿದವರಿಗೆ ಕಿವಿರು ಬರಲ್ಲ, ಹೇಡಿಗಳು ಬರೆಯೋ ಪುಸ್ತಕ, ರೋಮೆಲ್ ಚಮಚ ಕೆಳಗಿಟ್ಟ, ಯಾರೂ ನಗಲಿಲ್ಲ, ಮರಿವಿಕ್ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ನೋಡಿದವಳು ನೀನು ಮನಾಂಗ್, ಅಂದಳು, ಐದು ವರ್ಷ ಆಯ್ತು, ಒಂದು ಮಾತು ಹೇಳಿದ್ದೀಯಾ, ಕೇಳಿದಾಗೆಲ್ಲ ಎದ್ದು ಹೋಗ್ತೀಯ, ನಾನೇನು ಮಾಡ್ಲಿ, ಅಮ್ಮನ್ನ ಎಲ್ಲಿ ಅಂತ ಹುಡುಕ್ಲಿ — ಎದ್ದು ಹೋಗಬೇಕು, ಕುರ್ಚಿ ಹಿಂದೆ ಸರಿಸಿದವಳು ಮತ್ತೆ ಕೂತೆ, ಅಮ್ಮನ ಕೈಯಲ್ಲಿ ಮುತ್ತು ಇರಲಿಲ್ಲ ಕಣೇ, ಅಂದೆ, ಮತ್ತೇನಿತ್ತು, ಮುಂದೆ ಬಾಗಿದಳು, ಹೇಳು, ಮತ್ತೇನಿತ್ತು, ಮಾವಿನಹಣ್ಣು, ಅಂದೆ, ಭಾನುವಾರ ನೀನು ಬರ್ತೀಯ ಅಂತ ತರೋಕೆ ದ್ವೀಪಕ್ಕೆ ಹೋಗಿದ್ಲು, ನಿಂಗೆ ಹೇಗೆ ಹೇಳ್ಲಿ ಅದನ್ನ, ಹೇಗೆ — ಮರಿವಿಕ್ ನನ್ನ ಕೈ ಹಿಡಿದಿದ್ದಾಳೆ, ಏನೋ ಹೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ, ನೀಲಿ ಪ್ಲಾಸ್ಟಿಕ್ ಚೀಲ, ಅಮ್ಮನ ಮಣಿಕಟ್ಟಿಗೆ ಎರಡು ಸುತ್ತು ಬಿಗಿದ ಗಂಟು, ಒಳಗೆ ಮೂರು ಹಣ್ಣು, ಒಂದಕ್ಕೂ ಪೆಟ್ಟಾಗಿರಲಿಲ್ಲ, ಆ ಗಂಟು ನನ್ನ ಕೈಗೆ ಬಿಚ್ಚಲು ಬರಲಿಲ್ಲ, ನೀಲಿ ಚೀಲ, ಎರಡು ಸುತ್ತು, ಆ ಗಂಟು —