ಮೂಲೆಯಿಂದ ಮೂಲೆಗೆ

ಹತ್ತೂವರೆಗೆ ಪಂದ್ಯ. ಹತ್ತಕ್ಕೆ ಸರಿಯಾಗಿ ತೀರ್ಪುಗಾರ ಶಾಂತಮೂರ್ತಿ ಕೊಳ್ಳೇಗಾಲದಿಂದ ಬೈಕಿನಲ್ಲಿ ಬಂದಿಳಿದರು. ಹೆಲ್ಮೆಟ್ ತೆಗೆಯುವ ಮುಂಚೆಯೇ ಕಬಡ್ಡಿ ಅಂಕಣದ ಕಡೆ ನೋಡಿ, "ಇದ್ಯಾರಮ್ಮ ಗೆರೆ ಎಳ್ದೋರು?" ಎಂದರು.

"ನಾವೇ ಸಾ," ಎಂದಳು ಮಹದೇವಿ, ಎದೆಯುಬ್ಬಿಸಿ.

ಉಬ್ಬಿಸದೆ ಇನ್ನೇನು? ಬೆಟ್ಟದ ಪೋಡಿನ ಗುಡಿಸಲಿನಿಂದ ದಿನಾ ನಡೆದು ಬರುವ ಈ ಎಂಟನೇ ಕ್ಲಾಸಿನ ಸೋಲಿಗರ ಹುಡುಗಿ ಹಿಂದಿನ ದಿನವೆಲ್ಲ ಬಿಸಿಲಲ್ಲಿ ಗೂಟ ಹೊಡೆದು, ಸುತ್ತ ದಾರ ಕಟ್ಟಿ ಗೆರೆ ಎಳೆದಿದ್ದಳು. ಅವರ ಶಾಲೆಯ ಬಯಲಲ್ಲಿ ಹೊರಗಿನ ತಂಡವೊಂದು ಆಡಲು ಬರುತ್ತಿದ್ದುದು ಇದೇ ಮೊದಲು. ಮಧುವನಹಳ್ಳಿಯ ಹುಡುಗಿಯರು ಆಗಲೇ ಟೆಂಪೋದಿಂದ ಇಳಿದು ಮೈ ಸಡಿಲಿಸುತ್ತಿದ್ದರು.

"ಅಂಕಣ ಸೊಟ್ಟಗಿದೆ," ಎಂದರು ಶಾಂತಮೂರ್ತಿ. "ಇದರಲ್ಲಿ ಆಡಿಸಕ್ಕಾಗಲ್ಲ. ಅರ್ಧ ಗಂಟೆ ಕೊಡ್ತೀನಿ. ಸರಿಹೋಗದಿದ್ರೆ ಪಂದ್ಯ ಅವರ ಊರಿಗೆ ಹೋಗುತ್ತೆ."

ತಂಡದ ನಾಯಕಿ ಮಾಲಿನಿಗೆ ಸಿಟ್ಟು ನೆತ್ತಿಗೇರಿತು. ಶಾಲೆಯ ಐದು ಮೀಟರಿನ ಟೇಪು ತಂದು ಎಲ್ಲರೆದುರೇ ಅಳೆದಳು. ಈ ಕಡೆ ಉದ್ದ ಹನ್ನೊಂದು ಮೀಟರ್, ಆ ಕಡೆಯೂ ಹನ್ನೊಂದು. ಈ ಅಗಲ ಎಂಟು, ಆ ಅಗಲವೂ ಎಂಟು.

"ನೋಡಿ ಸಾ! ಎದುರುಬದುರು ಎಲ್ಲಾ ಸರಿಯಾಗದೆ!"

"ಅಳತೆ ಸರಿಯಮ್ಮ, ಆಕಾರ ಸರಿಯಿಲ್ಲ," ಎಂದು ಶಾಂತಮೂರ್ತಿ ಗಡಿಯಾರ ನೋಡಿಕೊಂಡರು.

ಅಳತೆ ಸರಿ, ಆಕಾರ ಸರಿಯಿಲ್ಲ! ಅದೆಂಗಾಯ್ತದೆ? ಕೇಳೋಣವೆಂದರೆ ಗಣಿತದ ಪ್ರಭುಸ್ವಾಮಿ ಮೇಷ್ಟ್ರು ಸಭೆಗೆಂದು ಹನೂರಿಗೆ ಹೋಗಿದ್ದರು. ಮಹದೇವಿ ಅಂಕಣದ ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಳಿ ಗೆರೆಗಳನ್ನೇ ದಿಟ್ಟಿಸಿದಳು. ಹೌದಲ್ಲ! ಆಚೆಯ ಉದ್ದಗೆರೆ ಬಲಕ್ಕೆ ಜಾರಿದಂತೆ ಇತ್ತು. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ಎಲ್ಲಿ? ಮನೆಯಲ್ಲೇ! ಬಾಗಿಲಿಗೆ ಕಟ್ಟಿದ್ದ ಬಿದಿರಿನ ತಡಿಕೆ ಹೋದ ಮಳೆಗಾಲದಲ್ಲಿ ಹಿಂಗೇ ವಾಲಿಕೊಂಡಿತ್ತು. ಸುತ್ತಲಿನ ನಾಲ್ಕು ಬಿದಿರು ಅವೇ, ಒಂದೂ ಉದ್ದವಾಗಿರಲಿಲ್ಲ, ಗಿಡ್ಡವಾಗಿರಲಿಲ್ಲ, ಆದರೂ ವಾಲಿತ್ತು. ಅಪ್ಪ ಜಡೇಸ್ವಾಮಿ ಅದನ್ನು ನೆಟ್ಟಗೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಇನ್ನೊಂದು ಬಿದಿರು ಬಿಗಿದಿದ್ದ. ಆಮೇಲೆ ಅದು ಅಲ್ಲಾಡಲಿಲ್ಲ.

ಮೂಲೆಯಿಂದ ಮೂಲೆಗೆ! ಮಹದೇವಿ ಥಟ್ಟನೆ ಎದ್ದು ನಿಂತಳು. ಪರೀಕ್ಷೆಯಲ್ಲಿ ತಪ್ಪು ಬರೆದಳೆಂದು ಮೇಷ್ಟ್ರು ಹತ್ತು ಸಲ ಬರೆಸಿದ್ದ ಸಾಲು ನಾಲಗೆ ತುದಿಗೆ ಓಡಿ ಬಂತು: ಆಯತದ ಕರ್ಣಗಳು ಪರಸ್ಪರ ಸಮ. ಹತ್ತು ಸಲ ಬರೆದಾಗಲೂ ಅದು ಬರೀ ಅಕ್ಷರವಾಗಿತ್ತು.

"ಅಮ್ಮಿ, ಮಾಲಿನಿ! ನಾವು ಸುತ್ತ ಅಳೆದ್ವಿ, ಓರೆಗೆ ಅಳೀಲೇ ಇಲ್ಲ ಕಣಮ್ಮಿ!" ಎಂದು ಕೂಗುತ್ತಾ ಅಡುಗೆಮನೆಗೆ ಓಡಿದಳು. ಬಿಸಿಯೂಟ ಬೇಯಿಸುತ್ತಿದ್ದ ಚನ್ನಾಜಮ್ಮ, "ಏನವ್ವ, ಬೆಂಕಿ ಬಿತ್ತಾ?" ಎಂದು ಎದ್ದು ನಿಂತರು.

"ಹಗ್ಗ ಕೊಡಿ ಚನ್ನಾಜಕ್ಕ, ನೀರು ಸೇದೋ ಹಗ್ಗ! ಈಗ್ಲೇ ತಂದ್‌ಕೊಡ್ತೀನಿ."

ಮಾಲಿನಿ ಹಗ್ಗದ ತುದಿಯನ್ನು ಒಂದು ಮೂಲೆಯ ಗೂಟಕ್ಕೆ ಒತ್ತಿ ಹಿಡಿದಳು. ಮಹದೇವಿ ಎದುರು ಮೂಲೆಗೆ ಎಳೆದುಕೊಂಡು ಹೋಗಿ ಗಂಟು ಹಾಕಿದಳು. ಆಮೇಲೆ ಅದೇ ಹಗ್ಗವನ್ನು ಇನ್ನೆರಡು ಮೂಲೆಗೆ ಹಿಡಿದರು. ಗಂಟು ಗೂಟ ದಾಟಿ ಆಚೆ ಹೋಯಿತು. ಎರಡು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ, ಅಷ್ಟು ವ್ಯತ್ಯಾಸ!

"ಸಿಕ್ತು! ಕಳ್ಳ ಸಿಕ್ದ!" ಮಹದೇವಿ ಕುಣಿದಳು.

ಇನ್ನು ಹದಿನೈದು ನಿಮಿಷ. ಶಾಲೆಯ ಕಡೆಯ ಉದ್ದಗೆರೆ ಇದ್ದಲ್ಲೇ ಇರಲಿ ಎಂದಳು. ಆಚೆಯ ಎರಡು ಗೂಟ ಕಿತ್ತು, ಸುತ್ತಲಿನ ದಾರ ಸಡಿಲವಾಗದಂತೆ ಬಿಗಿಹಿಡಿದು, ಎರಡನ್ನೂ ಒಟ್ಟಿಗೆ ಎಡಕ್ಕೆ ಸರಿಸತೊಡಗಿದರು. ಒಂದು ಗೇಣು. ಒಂದು ಓರೆಗೆ ಹಗ್ಗ ಹಿಡಿದು ಹೊಸ ಗಂಟು ಹಾಕಿ, ಇನ್ನೊಂದು ಓರೆಗೆ ಹಿಡಿದು ನೋಡಿದರು, ಸಾಲದು. ಇನ್ನೊಂದು ಗೇಣು, ಮತ್ತೆ ಹೊಸ ಗಂಟು. "ಇನ್ನೊಂಚೂರು... ಇನ್ನೊಂಚೂರು... ನಿಲ್ಲು!" ಈ ಓರೆಗೂ ಗಂಟು ಗೂಟಕ್ಕೇ ಬಂತು, ಆ ಓರೆಗೂ ಗೂಟಕ್ಕೇ ಬಂತು. ತಂಡದ ಏಳೂ ಹುಡುಗಿಯರು ಒಂದೇ ಕೂಗು ಹಾಕಿದರು. ಮಧುವನಹಳ್ಳಿಯವರೂ ಬಂದು ಸುಣ್ಣದ ಪುಡಿಯ ಬಕೀಟಿಗೆ ಕೈಹಾಕಿ, ಗೆರೆ ಬಿಡಲು ನೆರವಾದರು.

ಶಾಂತಮೂರ್ತಿ ತಾವೇ ಹಗ್ಗ ಹಿಡಿದು ಎರಡು ಸಲ ಪರೀಕ್ಷಿಸಿದರು. "ಆಡಿ," ಎಂದರು. ನಗು ತಡೆಯಲಾಗದೆ ಮತ್ತೆ ಹೇಳಿದರು, "ಆಡ್ರಮ್ಮ!"

ಪಂದ್ಯದಲ್ಲಿ ಮಧುವನಹಳ್ಳಿಯವರು ಎರಡು ಅಂಕದಿಂದ ಗೆದ್ದರು. ಮಾಲಿನಿ ಅತ್ತಳು. ಮಹದೇವಿಗೂ ಬೇಸರವಾಯಿತು, ಆದರೆ ಗಂಟು ಗೂಟಕ್ಕೆ ಬಂದು ನಿಂತ ಆ ಕ್ಷಣ ಮನಸ್ಸಿನಿಂದ ಇಳಿಯಲೇ ಇಲ್ಲ.

ಮರುದಿನ ಪ್ರಭುಸ್ವಾಮಿ ಮೇಷ್ಟ್ರು ಸಂಗತಿ ಕೇಳಿ, ಕ್ಲಾಸನ್ನೆಲ್ಲ ಬಯಲಿಗೆ ಎಬ್ಬಿಸಿಕೊಂಡು ಹೋದರು. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಲೆಕ್ಕ ಬರೆದರು. ಹನ್ನೊಂದು ಹನ್ನೊಂದಲ ನೂರ ಇಪ್ಪತ್ತೊಂದು. ಎಂಟು ಎಂಟಲ ಅರವತ್ತನಾಲ್ಕು. ಕೂಡಿದರೆ ನೂರ ಎಂಬತ್ತೈದು. ಅದರ ವರ್ಗಮೂಲ ಹದಿಮೂರು ಪಾಯಿಂಟ್ ಆರು.

"ನಾನು ಹಗ್ಗ ಮುಟ್ಟಿಲ್ಲ, ಅಲ್ವಾ? ಈಗ ನೀನು ಅಳಿ," ಎಂದರು ಮಹದೇವಿಗೆ.

ಅವಳು ಅಡುಗೆಮನೆಯಿಂದ ಇನ್ನೂ ಗಂಟು ಬಿಚ್ಚದ ಹಗ್ಗ ತಂದು ಅಂಕಣದ ಮೂಲೆಯಿಂದ ಮೂಲೆಗೆ ಎಳೆದು, ಅದರ ಪಕ್ಕ ಟೇಪು ಹಾಸಿದಳು. ಐದು. ಹತ್ತು. ಮೂರನೇ ಸಲ ಗಂಟಿನ ಹತ್ತಿರ ಟೇಪು ನಿಂತ ಜಾಗವನ್ನು ಬಗ್ಗಿ ಓದಿದಳು. "ಮೂರು ಮೀಟರ್... ಅರವತ್ತು ಸೆಂಟಿಮೀಟರ್! ಹದಿಮೂರು ಅರವತ್ತು ಸಾ!"

ಕ್ಲಾಸೆಲ್ಲ ಹೋ ಎಂದಿತು.

"ಅಳೆಯಕ್ಕೆ ಮುಂಚೇನೇ ಎಂಗೆ ಗೊತ್ತಾಯ್ತು ಸಾ?"

"ಮೂಲೆ ನೆಟ್ಟಗಿದ್ರೆ ಸಾಕು. ಎರಡು ಬದಿ ಗೊತ್ತಿದ್ರೆ ಓರೆ ಎಷ್ಟು ಅಂತ ಲೆಕ್ಕವೇ ಹೇಳ್ತದೆ."

ಮಹದೇವಿ ಮೇಷ್ಟ್ರ ಕೈಯಿಂದ ಕಡ್ಡಿ ತೆಗೆದುಕೊಂಡು, ಮಣ್ಣಿನಲ್ಲಿ ಒಂದು ಖಾಲಿ ಜಾಗ ಹುಡುಕಿ ಕೂತಳು.

"ಸಾ, ವಾಲಿಬಾಲ್ ಅಂಕಣ ಎಷ್ಟುದ್ದ, ಎಷ್ಟಗಲ? ಹೇಳಿ ಸಾ, ಬೇಗ!"