ಕೋಲೋ ಬ್ರಷ್ಷೋ

ಐವತ್ತು ದಾಟಿದವನನ್ನು ಕಾರ್ಟೂನ್ ಮುಂದೆ ಕೂರಿಸಿದರೆ ಸಿಟ್ಟು ಬರದೆ ಇರುತ್ತದೆಯೇ? ನನಗೂ ಬಂತು.

"ಕಾರ್ಟೂನ್ ಅಲ್ಲ ಸರ್, ಜಪಾನಿನ ಅನಿಮೆ" ಎಂದು ಮೇಡಂ ತಿದ್ದಿದರು. ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥೆ ಅವರು, ವಯಸ್ಸಿನಲ್ಲಿ ನನ್ನ ತಂಗಿಯ ಮಗಳಷ್ಟು. "ಇಬ್ಬರು ಹುಡುಗಿಯರ ಸ್ನೇಹ, ಜೊತೆಗೆ ಜಾಝ್ ಸಂಗೀತ. ಮೊದಲನೇ ಕಂತು ನೋಡಿ ಹೇಗನ್ನಿಸ್ತು ಹೇಳಿ. ಸೋಮವಾರ ಸಬ್‌ಟೈಟಲ್ ಕೊಟ್ಬಿಡಿ."

ನಮ್ಮದು ಕಿವಿ ಕೇಳದವರಿಗಾಗಿ ಸಬ್‌ಟೈಟಲ್ ಬರೆಯುವ ಆಫೀಸು. ಇಲ್ಲಿ ಮಾತನ್ನಷ್ಟೇ ಬರೆದರೆ ಸಾಲದು. ಬಾಗಿಲು ಕಿರುಗುಟ್ಟಿದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಿಕ್ಕಿದರೆ, ಮನೆ ಮುಂದೆ ಕಾರು ಬಂದು ನಿಂತರೆ ಅದನ್ನೂ ಕಂಸದೊಳಗೆ ಬರೆದು ತೋರಿಸಬೇಕು. ಈ ಕೆಲಸಕ್ಕೆ ನಾವಿಬ್ಬರೇ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೆವು, ನಾನು ಮತ್ತು ಕಿವಿ ಎಂಬ ಅಡ್ಡಹೆಸರಿನ ನನ್ನ ಗೆಳೆಯ. ಯಾವ ಕಂತು ಬಂದರೂ ಮೊದಲ ಸಲ ನಾನು ಕಿವಿಗೆ ಹತ್ತಿ ತುರುಕಿಕೊಂಡು ಬರೀ ನೋಡುವುದು. ಅವನು ಪರದೆಗೆ ಬೆನ್ನು ಹಾಕಿ, ಹೆಡ್‌ಫೋನ್ ಏರಿಸಿಕೊಂಡು ಬರೀ ಕೇಳುವುದು. ಆಮೇಲೆ ಚಹಾ ಕುಡಿಯುತ್ತಾ ನಾನು ಕಂಡ ಕತೆಯನ್ನು ನಾನು, ಅವನು ಕೇಳಿದ ಕತೆಯನ್ನು ಅವನು ಹೇಳುವುದು. ಎರಡು ಕತೆಗಳೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಒಂದು ಸಾಲು ಬೇಕು ಎಂದರ್ಥ.

"ಆ ಮುದುಕ ಆಗ ನಗ್ತಿದ್ದ" ಎಂದು ನಾನು ಹೇಳಿದರೆ, "ಎಲ್ಲಿ ನಗ್ತಿದ್ದ? ಗಂಟಲು ಕಟ್ಟಿಕೊಂಡಿತ್ತಲ್ಲೋ ಅವನಿಗೆ" ಎಂದು ಅವನು ಜಗಳಕ್ಕೇ ಬರುತ್ತಿದ್ದ. ಆಫೀಸಿನವರು ಅವನನ್ನು ಕಿವಿ ಎಂದೂ ನನ್ನನ್ನು ಕಣ್ಣು ಎಂದೂ ಕರೆಯುತ್ತಿದ್ದರು. ನಮ್ಮ ನಿಜವಾದ ಹೆಸರುಗಳು ಹೊಸಬರಿಗೆ ಗೊತ್ತೇ ಇರಲಿಲ್ಲ.

ಕಳೆದ ವರ್ಷ ಅವನಿಗೆ ಒಂದು ಜ್ವರ ಬಂತು. ಜ್ವರವೇನೋ ಬಿಟ್ಟುಹೋಯಿತು, ಹೋಗುವಾಗ ಎರಡೂ ಕಿವಿಗಳನ್ನು ಕೊಂಡುಹೋಯಿತು. ಆಮೇಲೆ ಆಫೀಸಿನಲ್ಲಿ ಅವನ ವಿಷಯ ಬಂದಾಗಲೆಲ್ಲ ಜನ ಬಾಯಿ ತೆರೆದು, ಆ ಅಡ್ಡಹೆಸರು ನಾಲಿಗೆಯ ತುದಿಗೆ ಬಂದು, ಹಾಗೆಯೇ ನುಂಗಿಕೊಳ್ಳುತ್ತಿದ್ದರು. ನಾನು ಅವನ ಮನೆಗೆ ಎರಡು ಸಲ ಹೋದೆ. ಎರಡನೇ ಸಲ ಅವನು ಗೋಡೆಯ ಕಡೆ ತಿರುಗಿ ಕೂತು, "ಇವನಿಗೆ ಇನ್ಮೇಲೆ ಬರಬೇಡ ಅಂತ ಹೇಳು" ಎಂದು ಹೆಂಡತಿಗೆ ಹೇಳಿದ. ತನ್ನ ದನಿ ಎಷ್ಟು ದೊಡ್ಡದು ಎಂದು ಅವನಿಗೆ ಗೊತ್ತಿರಲಿಲ್ಲ, ಬೀದಿಯವರಿಗೆಲ್ಲ ಕೇಳಿಸಿತು. ಮೆಸೇಜು ಕಳಿಸಿದರೆ ನೋಡಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಮದುವೆಯಾಗದ ಗಂಡಸು ನಾನು, ಒಂಟಿತನ ನನಗೆ ಹೊಸದಲ್ಲ ಎಂದು ಜನ ತಿಳಿದಿದ್ದಾರೆ. ಅದು ಸುಳ್ಳು. ಮನೆಯಲ್ಲಿ ಒಬ್ಬನೇ ಇರುವುದು ಬೇರೆ, ದಿನಾ ಜಗಳವಾಡುವವನು ಇಲ್ಲದಿರುವುದು ಬೇರೆ. ಅವನ ಕುರ್ಚಿಯ ಮೇಲೆ ಈಗ ಯಾರೋ ಹಳೆಯ ಕೀಬೋರ್ಡುಗಳನ್ನು ಪೇರಿಸಿದ್ದಾರೆ. ಅದರ ಕಡೆ ನೋಡಬಾರದೆಂದು ನಾನು ನನ್ನ ಮೇಜನ್ನೇ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದೇನೆ.

ಅನಿಮೆಯನ್ನು ಹಳೆಯ ಪದ್ಧತಿಯಲ್ಲೇ ನೋಡಲು ಹೊರಟೆ. ಮೊದಲು ಹತ್ತಿ ಇಟ್ಟುಕೊಂಡು ನೋಡಿದೆ, ಆಮೇಲೆ ಬೆನ್ನು ತಿರುಗಿಸಿ ಕೇಳಿದೆ. ಚಹಾದ ಹೊತ್ತಿಗೆ ಕಂಡದ್ದನ್ನೂ ಕೇಳಿದ್ದನ್ನೂ ನನಗೆ ನಾನೇ ಹೇಳಿಕೊಂಡೆ. ಎರಡೂ ಚೆನ್ನಾಗಿ ತಾಳೆಯಾದವು. ಅಲ್ಲಿಗೇ ನನಗೆ ಗೊತ್ತಾಯಿತು, ಏನೋ ಕೆಟ್ಟಿದೆ ಎಂದು.

ಆದರೆ ಕಾರ್ಟೂನ್ ಎಂದು ಮೂಗು ಮುರಿದವನ ಬಾಯಿ ಮೊದಲ ಕಂತಿನಲ್ಲೇ ಮುಚ್ಚಿಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಕಣ್ಣುಗಳೇನೋ ತಟ್ಟೆಯಷ್ಟು ದೊಡ್ಡವು, ಆದರೆ ಕೈಗಳು ನಿಜವಾದವು. ತಂತಿಯ ಮೇಲೆ ಬೆರಳು ಒತ್ತಿದ ಕಡೆ ಉಗುರು ಬಿಳಿಚಿಕೊಳ್ಳುವುದನ್ನೂ ಬಿಡದೆ ಬರೆದಿದ್ದಾರೆ, ಪುಣ್ಯಾತ್ಮರು. ಕತೆ ಇಷ್ಟೇ. ಒಂದೇ ತರಗತಿಯ ಇಬ್ಬರು ಹುಡುಗಿಯರು, ಒಬ್ಬಳು ಉದ್ದ, ಒಬ್ಬಳು ಕುಳ್ಳಿ. ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಕುಳ್ಳಿಯ ಮನೆಯವರದು ಬಟ್ಟೆ ಒಗೆಯುವ ಅಂಗಡಿ. ಸಂಜೆ ಶಟರ್ ಎಳೆದ ಮೇಲೆ ಅವಳು ಮೆಷಿನ್ನುಗಳ ಹಿಂದೆ ಕೂತು ಡ್ರಮ್ ಬಾರಿಸುತ್ತಾಳೆ. ಒಂದು ದಿನ ಉದ್ದದವಳು, ತನಗಿಂತ ಎತ್ತರದ ಪಿಟೀಲಿನಂಥ ಬಾಸ್ ವಾದ್ಯವನ್ನು ಬೆನ್ನ ಮೇಲೆ ಹೊತ್ತು ಆ ದಾರಿಯಲ್ಲಿ ಬರುತ್ತಾಳೆ. ಶಟರ್ ಎತ್ತುತ್ತಾಳೆ. ಒಬ್ಬರೂ ಒಂದು ಮಾತು ಆಡುವುದಿಲ್ಲ. ಅವಳು ಬಾಸ್ ಇಳಿಸಿ ಮೀಟಲು ಶುರು ಮಾಡುತ್ತಾಳೆ, ಇವಳು ಬಾರಿಸುತ್ತಲೇ ಇರುತ್ತಾಳೆ. ಬಹಳ ಹೊತ್ತು ಅದೇ. ಕೊನೆಗೆ ಮೇಲಿನಿಂದ ಅಮ್ಮ ಕರೆದಾಗ ಕುಳ್ಳಿ ಎದ್ದುಹೋಗುತ್ತಾಳೆ. ಉದ್ದದವಳು ಮಾತ್ರ ಮೀಟುತ್ತಾ ನಿಂತಿರುತ್ತಾಳೆ.

ಇಷ್ಟಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ಇರಲಿಲ್ಲವಾದ್ದರಿಂದ ಒರೆಸಿಕೊಳ್ಳಲಿಲ್ಲ.

ಆ ಇಡೀ ದೃಶ್ಯಕ್ಕೆ ನಾನು ಬರೆದ ಸಾಲು: (ಜಾಝ್ ಸಂಗೀತ). "ಅಷ್ಟು ಸಾಕು ಸರ್" ಎಂದರು ಮೇಡಂ. ಅವರಿಗೆ ಸಾಕು. ಕಿವಿ ಇದ್ದಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದ. ನನಗೆ ಸಂಗೀತದ ತಲೆಬುಡ ಗೊತ್ತಿಲ್ಲ, ಡ್ರಮ್ ಎಂದರೆ ಸದ್ದು, ಅಷ್ಟೆ. ಅವನ ಹತ್ತಿರ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು ಎನ್ನಿಸಿತು. ಇದಕ್ಕಿಂತ ಕೆಟ್ಟ ನೆಪವೂ ಇರಲಾರದು ಎಂದೂ ಅನ್ನಿಸಿತು. ಕಿವಿ ಕಳೆದುಕೊಂಡವನ ಮುಂದೆ ಹೋಗಿ ಜಾಝ್ ಎನ್ನುವುದು! ಆದರೂ ರಜೆಯ ದಿನ ಮಧ್ಯಾಹ್ನ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಹೊರಟೆ. ಇವತ್ತೂ ಬಾಗಿಲು ತೋರಿಸಿದನೆಂದರೆ ಇನ್ನು ಈ ಜನ್ಮದಲ್ಲಿ ಅವನ ಮೆಟ್ಟಿಲು ಹತ್ತುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ.

ಅತ್ತಿಗೆ ಬಾಗಿಲು ತೆರೆದರು. ಅವನ ಹೆಂಡತಿಯನ್ನು ನಾನು ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುವುದು.

"ಬಂದ್ರಾ? ಸದ್ಯ" ಎಂದರು. "ಅವರಿಗೆ ನಿಮ್ಮ ಮೇಲೆ ಸಿಟ್ಟೋ, ತಮ್ಮ ಮೇಲೇ ಸಿಟ್ಟೋ, ನನಗಂತೂ ಗೊತ್ತಾಗ್ತಿಲ್ಲ. ಒಳಗೆ ಹೋಗಿ. ಬೈದ್ರೆ ಬೈಸ್ಕೊಳ್ಳಿ."

ಅವನು ನೆಲದ ಮೇಲೆ ಕೂತು, ಮನೆಯವರ ಶೂಗಳನ್ನೆಲ್ಲ ಸಾಲಾಗಿಟ್ಟುಕೊಂಡು ಪಾಲಿಷ್ ಹಾಕುತ್ತಿದ್ದ. ಮುಖ ಸೊರಗಿತ್ತು. ನನ್ನ ನೆರಳು ಬಿದ್ದ ಮೇಲೆ ತಲೆಯೆತ್ತಿದ.

"ಯಾಕೆ ಬಂದೆ?" ಎಂದು ಅರಚಿದ. ಅತ್ತಿಗೆ ಬಾಗಿಲಲ್ಲಿ ನಿಂತು ಅಂಗೈಯನ್ನು ಕೆಳಕ್ಕೆ ಒತ್ತಿ ತೋರಿಸಿದರು. ಅವನು ದನಿ ಇಳಿಸಿ ಇನ್ನೊಮ್ಮೆ ಕೇಳಿದ, "ಯಾಕೆ ಬಂದೆ?"

ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದು, ಸಬ್‌ಟೈಟಲ್ ಬರೆಯುವ ಜಾಗದಲ್ಲೇ ಟೈಪು ಮಾಡಿದೆ. ಚಿತ್ರದ ಕೆಳಗೆ ಸಾಲು ಮೂಡಿತು: ಕೆಲಸ ಇತ್ತು. ಜಾಝ್. ನನಗೆ ಏನೂ ಗೊತ್ತಾಗ್ತಿಲ್ಲ.

"ಕಿವುಡನ ಹತ್ರ ಜಾಝ್ ಕೇಳೋಕೆ ಬಂದಿದ್ದೀಯಾ? ಬುದ್ಧಿ ನೆಟ್ಟಗಿದೆಯಾ ನಿನಗೆ?"

ಈ ಸಲ ನೀನು ನೋಡು, ನಾನು ಕೇಳ್ತೀನಿ ಎಂದು ಟೈಪು ಮಾಡಿದೆ.

ಅವನು ಆ ಸಾಲನ್ನು ಓದಿದ. ಆಮೇಲೆ ಕೈಯ ಕರಿಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ಕುರ್ಚಿಯ ತುದಿಯಲ್ಲಿ ಕೂತ, ಯಾವ ಗಳಿಗೆಯಲ್ಲಾದರೂ ಎದ್ದುಹೋಗುವವನಂತೆ. "ಮೊದಲು ಸೌಂಡ್ ತೆಗಿ. ನೀನು ಕೇಳ್ತಾ ಕೂತು ನನ್ನ ಮುಖ ನೋಡೋದು ಬೇಡ. ಇಬ್ಬರಿಗೂ ಇಲ್ಲ ಅಂದ್ರೆ ಇಬ್ಬರಿಗೂ ಇಲ್ಲ."

ಸದ್ದು ತೆಗೆದೆ. ಇಬ್ಬರೂ ಸುಮ್ಮನೆ ನೋಡಿದೆವು. ಹತ್ತಿ ಇಟ್ಟುಕೊಂಡು ನೋಡುವುದು ನನಗೆ ರೂಢಿ, ಆದರೆ ಪಕ್ಕದಲ್ಲಿ ಕೇಳುವವನೊಬ್ಬ ಇದ್ದಾನೆ ಎಂಬ ಧೈರ್ಯದಲ್ಲಿ ನೋಡುತ್ತಿದ್ದದ್ದು ಅದು. ಇವತ್ತು ಕೋಣೆಯಲ್ಲಿ ಯಾರಿಗೂ ಏನೂ ಕೇಳಿಸುತ್ತಿಲ್ಲ. ಹುಡುಗಿಯರು ಬಾರಿಸಲು ಶುರು ಮಾಡಿದರು, ಕೆಳಗೆ ನನ್ನ ಸಾಲು ಬಂದು ನಿಂತಿತು: (ಜಾಝ್ ಸಂಗೀತ). ಅದು ನಿಂತೇ ಇತ್ತು. ಮೇಲೆ ನಾಲ್ಕು ಕೈಗಳು ಒದ್ದಾಡುತ್ತಿವೆ, ಬೆವರು ಇಳಿಯುತ್ತಿದೆ, ಒಬ್ಬಳು ನಕ್ಕಳು, ಇನ್ನೊಬ್ಬಳು ಕಣ್ಣು ಮುಚ್ಚಿದಳು. ಕೆಳಗೆ ಅದೇ ಎರಡು ಪದ. ಅವನು ಒಂದು ಸಲ ಕಿಟಕಿಯ ಕಡೆ ನೋಡಿದ, ಇನ್ನೊಂದು ಸಲ ಶೂಗಳ ಕಡೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಕಂತು ಮುಗಿದ ಮೇಲೆ ಅವನು ಕೇಳಿದ, "ಅಷ್ಟು ಹೊತ್ತು ಅವರಿಬ್ರೂ ಏನು ಹೇಳಿಕೊಂಡ್ರು?"

ಏನೂ ಹೇಳಲಿಲ್ಲ, ಬಾರಿಸಿದರು ಎಂದು ಬರೆದೆ.

"ಅದನ್ನೇ ಕೇಳ್ತಿರೋದು ಕಣೋ."

ನಾನು ಹೆಡ್‌ಫೋನ್ ಹಾಕಿಕೊಂಡೆ. ಅವನ ಮುಖದ ಮೇಲೆ ಏನೋ ಹಾದುಹೋಯಿತು, ನಾನು ನೋಡದವನಂತೆ ಇದ್ದೆ. ದೃಶ್ಯವನ್ನು ತುಂಡು ತುಂಡಾಗಿ ನಿಲ್ಲಿಸಿ, ತಿಳಿದದ್ದನ್ನು ಬರೆಯುತ್ತಾ ಹೋದೆ. ಡ್ರಮ್ ಜೋರಾಯಿತು.

"ಜೋರು ಅಂದ್ರೆ? ಓಡ್ತಾ ಇದೆಯಾ, ಬರೀ ಕೂಗ್ತಾ ಇದೆಯಾ?"

ಮತ್ತೆ ಕೇಳಿದೆ. ಓಡುತ್ತಿದೆ. ಬಾಸ್ ಹಿಂದೆ ಬೀಳುತ್ತಿದೆ.

"ಬೀಳ್ತಿದೆಯೋ, ಬೇಕಂತ ನಿಧಾನ ಮಾಡ್ತಿದ್ದಾಳೋ? ಸರಿಯಾಗಿ ಕೇಳು. ಅವಳ ಮುಖ ನೋಡಿದ್ರೆ ಸೋತವಳ ಹಾಗೆ ಇಲ್ಲ."

ಅವನು ಹೇಳಿದ್ದು ಸರಿ. ಉದ್ದದವಳು ಬೇಕೆಂದೇ ತಡೆದು ಮೀಟುತ್ತಿದ್ದಳು, ಕುಳ್ಳಿ ರೇಗಿ ಲಯಕ್ಕೆ ವಾಪಸು ಬರುವವರೆಗೆ. ಮೂರು ಸಲ ಕೇಳಿದ ಮೇಲೆ ನನ್ನಂಥವನಿಗೂ ಅದು ತಿಳಿಯಿತು. ಬಾಸ್ ತಡೆಯುತ್ತದೆ, ಡ್ರಮ್ ಹೊರಳಿ ಬರುತ್ತದೆ ಎಂದು ಬರೆದೆ. ಅವನು "ಹ್ಞೂ" ಎಂದ. ಒಂದು ವರ್ಷದಿಂದ ಆ ಹ್ಞೂ ಕೇಳಿರಲಿಲ್ಲ ನಾನು.

ಹೀಗೆ ಬೈಸಿಕೊಳ್ಳುತ್ತಾ ಕೊನೆಯ ಭಾಗಕ್ಕೆ ಬಂದೆವು. ಅಮ್ಮ ಕರೆಯುತ್ತಾಳೆ, ಕುಳ್ಳಿ ಮೆಟ್ಟಿಲು ಹತ್ತಿ ಹೋಗುತ್ತಾಳೆ. ಉದ್ದದವಳ ಬಾಸ್ ಒಂದೇ ಕೇಳಿಸುತ್ತದೆ. ನಾನು ಯೋಚಿಸದೆ ಟೈಪು ಮಾಡಿದೆ: ಇನ್ನೂ ಮೀಟುತ್ತಲೇ ಇದ್ದಾಳೆ. ಜೊತೆಗೆ ಯಾರೂ ಇಲ್ಲ. ದಿನಾ ಹೀಗೇ.

ಅವನು ಓದಿದ. ಓದಿ, ನನ್ನ ಕಡೆ ತಿರುಗಿದ.

"ದಿನಾ ಅಂತ ನಿನಗೆ ಹೇಗೆ ಗೊತ್ತು? ಇದು ಮೊದಲನೇ ಕಂತು" ಎಂದ. "ಇದು ಅವಳ ವಿಷಯನಾ, ನಿನ್ನದಾ?"

ಕೀಬೋರ್ಡಿನಿಂದ ಕೈ ತೆಗೆದೆ. ಬಾಯಲ್ಲಿ ಹೇಳಿದೆ, "ನನ್ನದು." ಅವನಿಗೆ ಕೇಳಿಸದು ಎಂಬ ಧೈರ್ಯ ನನಗೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

"ಅಳಿಸು" ಎಂದ. "ನಿಮ್ಮ ಮೇಡಂ ನೋಡಿದ್ರೆ ಮನೆಗೆ ಕಳಿಸ್ತಾರೆ."

ಅಳಿಸಿದೆ. ಮುಗಿಯಿತು ಎಂದುಕೊಂಡೆ. ಲ್ಯಾಪ್‌ಟಾಪ್ ಮುಚ್ಚುವುದೊಂದೇ ಬಾಕಿ. ಆಮೇಲೆ ಅವನು ಶೂಗಳ ಹತ್ತಿರ, ನಾನು ನನ್ನ ಕೋಣೆಗೆ. ಇನ್ನೊಂದು ಸಲ ಬಾ ಎಂದು ಅವನು ಕರೆಯುವವನಲ್ಲ. ಕರೆಯದೆ ಬರುವ ಮುಖ ನನಗಿರಲಿಲ್ಲ.

ಅವನೇ ಪರದೆಯ ಕಡೆ ಬೆರಳು ತೋರಿಸಿದ. "ಶುರುವಿನಲ್ಲಿ ಶಟರ್ ಮುಚ್ಚಿರುತ್ತಲ್ಲ, ಡ್ರಮ್ಮಿನವಳು ಒಳಗೆ ಬಾರಿಸ್ತಿರ್ತಾಳೆ. ಅಲ್ಲಿ ಕೋಲೋ, ಬ್ರಷ್ಷೋ?"

ನಾನು ಕಣ್ಣು ಬಿಟ್ಟೆ.

"ಅಯ್ಯೋ ಹೆಡ್ಡ! ಡ್ರಮ್ಮನ್ನ ಕೋಲಲ್ಲೂ ಬಾರಿಸ್ತಾರೆ, ತಂತಿ ಬ್ರಷ್ಷಲ್ಲೂ ಸವರ್ತಾರೆ. ಅವಳ ಪಕ್ಕದಲ್ಲಿ ಎರಡೂ ಇಟ್ಟಿದ್ದಾರೆ, ನೋಡಲಿಲ್ವಾ? ಶಟರ್ ಆಚೆ ನಿಂತವಳಿಗೆ ಕೇಳಿದ್ದು ಯಾವುದು? ಕೋಲಾದ್ರೆ ಅವಳು ಜಗಳಕ್ಕೆ ಒಳಗೆ ಬಂದ್ಲು. ಬ್ರಷ್ಷಾದ್ರೆ ಬೇರೆ ಥರ. ಹಾಕು."

ಹಾಕಿದೆ. ಬೂದು ಬಣ್ಣದ ಶಟರ್, ಮುಂದೆ ನಿಂತ ಉದ್ದದ ಹುಡುಗಿಯ ಬೆನ್ನು. ಕಿವಿಯಲ್ಲಿ ಏನೋ ಸರಸರ. ಗೊತ್ತಾಗಲಿಲ್ಲ, ಇಲ್ಲವೆಂದು ತಲೆಯಾಡಿಸಿದೆ.

"ಇನ್ನೊಂದ್ಸಲ."

ಎರಡನೇ ಸಲವೂ ಸಂಶಯ. ಅತ್ತಿಗೆ ಸದ್ದಿಲ್ಲದೆ ಎರಡು ಲೋಟ ಚಹಾ ತಂದಿಟ್ಟು, ನನ್ನ ಹೆಗಲನ್ನೊಮ್ಮೆ ಮುಟ್ಟಿ ಹೋದರು.

"ಇನ್ನೊಂದ್ಸಲ. ಕಣ್ಣು ಮುಚ್ಚಿಕೊಂಡು ಕೇಳು."

ಮೂರನೇ ಸಲ ಕಣ್ಣು ಮುಚ್ಚಿದೆ. ಪೊರಕೆಯಿಂದ ಮೆಲ್ಲಗೆ ನೆಲ ಗುಡಿಸಿದಂಥ ಸದ್ದು, ಒಳಗೊಳಗೇ ಒಂದು ಲಯ. ಬ್ರಷ್ಷು. ಚಿಕ್ಕ ಮಗುವೂ ಹೇಳಬಹುದಾದಷ್ಟು ಸ್ಪಷ್ಟ. ಜಗಳಕ್ಕೆ ಬಂದವಳಲ್ಲ ಅವಳು.

ಕಣ್ಣು ತೆರೆದೆ. ಅವನು ಬಾಗಿ ನನ್ನ ಮುಖವನ್ನೇ ನೋಡುತ್ತಿದ್ದ. ಕಿವಿ ಕೇಳುತ್ತಿದ್ದ ಕಾಲದಲ್ಲಿ ನನ್ನ ದನಿಯಿಂದಲೇ ಅವನು ಸುಳ್ಳನ್ನು ಹಿಡಿದುಬಿಡುತ್ತಿದ್ದ. ನಾನು ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಬರೆದೆ: ಊಹೂಂ. ಈಗಲೂ ಗೊತ್ತಾಗಲಿಲ್ಲ.

"ಕತ್ತೆ" ಎಂದ. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತು, ಕೈ ಚಾಚಿ ತಾನೇ ಮೊದಲಿನಿಂದ ಹಾಕಿದ.